ಏಳೂವರೆ ಶೇಕಡಾ ಮಿತಿ ಮತ್ತು ಚುನಾವಣಾ ಬಾಂಡ್: ಒಂದು ಟಿಪ್ಪಣಿ

ದಾನಿಯ ಹೆಸರು ಹೊರಗೆ ಬಾರದಂತೆ ಪಕ್ಷಗಳಿಗೆ ಹಣ ಕೊಡಲು ಬಳಕೆಯಾಗುತ್ತಿದ್ದ ಚುನಾವಣಾ ಬಾಂಡ್ ಎಂದೊಡನೆ ಮಾತು ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಅದಕ್ಕಿಂತ ಗಂಭೀರವಾದದ್ದು ಕಂಪನಿ ಕಾಯ್ದೆಯ 182ನೇ ಕಲಮಿಗೆ 2017ರಲ್ಲಿ ಆದ ತಿದ್ದುಪಡಿ ಎಂಬುದು ಈ ಟಿಪ್ಪಣಿಯ ವಾದ.

ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನು 1969ರಲ್ಲಿ ನಿಷೇಧಿಸಲಾಗಿತ್ತು. 1985ರಲ್ಲಿ ಲಾಭದ ಶೇ. 5ರ ಮಿತಿಯೊಂದಿಗೆ ಮತ್ತೆ ಅವಕಾಶ ಸಿಕ್ಕಿತು. 2013ರ ಕಾಯ್ದೆ ಅದನ್ನು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ಕ್ಕೆ ಏರಿಸಿತು. ದುಡಿದು ಲಾಭ ಗಳಿಸದ ಕಂಪನಿ ದೇಣಿಗೆ ಕೊಡುವಂತಿಲ್ಲ ಎಂಬುದು ಈ ಮಿತಿಯ ತಿರುಳು. 2017ರ ಹಣಕಾಸು ಕಾಯ್ದೆ ಮಿತಿಯನ್ನೂ ತೆಗೆಯಿತು, ಹಣ ಪಡೆದ ಪಕ್ಷದ ಹೆಸರನ್ನು ಲೆಕ್ಕಪತ್ರದಲ್ಲಿ ತೋರಿಸಬೇಕೆಂಬ ನಿಯಮವನ್ನೂ ತೆಗೆಯಿತು. ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದಾಯಿತು. ದೇಣಿಗೆಗೆಂದೇ ಹೆಸರಿಗಷ್ಟೇ ಇರುವ ಕಂಪನಿಗಳು ಹುಟ್ಟಿಕೊಳ್ಳಬಹುದೆಂದು ಚುನಾವಣಾ ಆಯೋಗ ಅದೇ ವರ್ಷದ ಮೇ ತಿಂಗಳಲ್ಲಿ ಕಾನೂನು ಸಚಿವಾಲಯಕ್ಕೆ ಬರೆದು ಎಚ್ಚರಿಸಿತ್ತು. ಆ ಎಚ್ಚರಿಕೆಗೆ ಬೆಲೆ ಸಿಗಲಿಲ್ಲ.

ಹೀಗೆ ಮಿತಿಯಿಲ್ಲದ ದೇಣಿಗೆಗೆ ಮರೆಯಾಗಿ ಒದಗಿದ್ದು ಚುನಾವಣಾ ಬಾಂಡ್ ಯೋಜನೆ. ಬಾಂಡನ್ನು ಮಾರುವ ಹಕ್ಕು ಸ್ಟೇಟ್ ಬ್ಯಾಂಕಿಗೆ ಮಾತ್ರ ಇತ್ತು. ಕಾಗದದ ಮೇಲೆ ಕೊಂಡವರ ಹೆಸರಿಲ್ಲ. ಆದರೆ ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ, ಪ್ರತಿ ಬಾಂಡನ್ನೂ ಗುರುತಿಸಬಲ್ಲ ಒಂದು ಸಂಖ್ಯೆ ಇತ್ತು. ಪತ್ರಕರ್ತೆ ಪೂನಂ ಅಗರ್‌ವಾಲ್ ಇದನ್ನು 2018ರಲ್ಲೇ ಬಯಲಿಗೆ ತಂದಿದ್ದರು. ಪಕ್ಷಗಳಿಗಾದರೂ ದಾನಿಗಳು ಯಾರೆಂದು ತಿಳಿದಿತ್ತೇ? ಈ ಬಗ್ಗೆ ಸಂಯುಕ್ತ ಜನತಾದಳ ಚುನಾವಣಾ ಆಯೋಗಕ್ಕೆ ಕೊಟ್ಟ ವಿವರಣೆಯನ್ನು ಓದುಗರು ಗಮನಿಸಬೇಕು: 2019ರ ಏಪ್ರಿಲ್ 3ರಂದು ಪಟ್ನಾ ಕಚೇರಿಗೆ ಯಾರೋ ಬಂದು ಮುಚ್ಚಿದ ಲಕೋಟೆ ಕೊಟ್ಟು ಹೋದರು, ಒಡೆದರೆ ತಲಾ 1 ಕೋಟಿ ರೂಪಾಯಿಯ 10 ಬಾಂಡುಗಳಿದ್ದವು. ಕೊಟ್ಟವರಾರೆಂದು ತನಗೆ ತಿಳಿಯದು ಎಂದಿತು ಪಕ್ಷ. ಇದು ನಂಬಲು ಕಷ್ಟ. ಡಿಎಂಕೆ ಮತ್ತು ನಮ್ಮ ಜಾತ್ಯತೀತ ಜನತಾದಳ ತಮ್ಮ ದಾನಿಗಳ ಹೆಸರನ್ನು ಆಯೋಗಕ್ಕೆ ಕೊಟ್ಟಿದ್ದವು. ಅಂದರೆ ತಿಳಿದುಕೊಳ್ಳಲು ಅಡ್ಡಿಯೇನೂ ಇರಲಿಲ್ಲ. ಕತ್ತಲಲ್ಲಿ ಉಳಿದವನು ಮತದಾರನೊಬ್ಬನೇ.

ಕರ್ನಾಟಕಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ. ಯೋಜನೆಯ ಪ್ರಕಾರ ಮಾರಾಟ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ನಡೆಯಬೇಕಿತ್ತು. ಹೆಚ್ಚುವರಿ ದಿನಗಳಿದ್ದುದು ಲೋಕಸಭಾ ಚುನಾವಣೆಯ ವರ್ಷಕ್ಕೆ ಮಾತ್ರ. ಆದರೂ 2018ರ ಮೇ 1ರಿಂದ 10ರವರೆಗೆ ಬಾಂಡುಗಳು ಮಾರಾಟವಾದವು. ನಮ್ಮ ವಿಧಾನಸಭೆಗೆ ಮತದಾನ ನಡೆದದ್ದು ಮೇ 12ರಂದು.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಯೋಜನೆಯನ್ನು ಒಮ್ಮತದಿಂದ ರದ್ದು ಮಾಡಿತು. ಲಾಭದ ಮಿತಿ ತೆಗೆದದ್ದೂ ಸಂವಿಧಾನಬಾಹಿರ ಎಂದಿತು. ನ್ಯಾಯಾಲಯ ಕೇಳಿದ ಬಾಂಡುಗಳ ವಿವರ ಕೊಡಲು ಜೂನ್ 30ರವರೆಗೆ ಸಮಯ ಕೇಳಿದ್ದ ಬ್ಯಾಂಕು, ನ್ಯಾಯಾಲಯ ಒಪ್ಪದಿದ್ದಾಗ ಮರುದಿನವೇ ಕೊಟ್ಟಿತು. 2019ರ ಏಪ್ರಿಲ್‌ನಿಂದ ನಗದಾದ ಬಾಂಡುಗಳಲ್ಲಿ ಹತ್ತಿರ ಹತ್ತಿರ ಅರ್ಧ, ಸುಮಾರು 6,060 ಕೋಟಿ ರೂಪಾಯಿ, ಬಿಜೆಪಿಗೆ ಸಂದಿತ್ತು. ಲಾಟರಿ ವ್ಯಾಪಾರದ ಫ್ಯೂಚರ್ ಗೇಮಿಂಗ್ ಒಂದೇ 1,368 ಕೋಟಿಯ ಬಾಂಡು ಕೊಂಡಿತ್ತು.

ಮುಂದಿನ ಕೆಲಸ ಇಲ್ಲಿದೆ. ಬಾಂಡು ಕೊಂಡವರ ಪಟ್ಟಿ ಆಯೋಗದಲ್ಲಿದೆ, ಕಂಪನಿಗಳ ವಾರ್ಷಿಕ ಲೆಕ್ಕಪತ್ರಗಳು ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಗಳಲ್ಲಿವೆ. ಎರಡನ್ನೂ ಪಕ್ಕದಲ್ಲಿಟ್ಟು, ಹಳೆಯ ಶೇ. 7.5ರ ಮಿತಿಯನ್ನು ಮೀರಿದ ಕಂಪನಿಗಳೆಷ್ಟು ಎಂದು ಲೆಕ್ಕ ಹಾಕಬೇಕು. ವಾಣಿಜ್ಯ ಮತ್ತು ರಾಜ್ಯಶಾಸ್ತ್ರ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.