ರಾಮಗಢಕ್ಕೆ ದಾರಿ ಕೇಳುವವರು

ಸಿನಿಮಾ ನೋಡಿ ಊರು ಹುಡುಕುವ ಗೀಳು ಸಿನಿಮಾಕ್ಕಿಂತ ಹಳೆಯದು. 1810ರಲ್ಲಿ ವಾಲ್ಟರ್ ಸ್ಕಾಟ್ ‘ದಿ ಲೇಡಿ ಆಫ್ ದಿ ಲೇಕ್’ ಎಂಬ ಕಥನಕಾವ್ಯ ಪ್ರಕಟಿಸಿದ್ದೇ ತಡ, ಅದರಲ್ಲಿ ಬರುವ ಸ್ಕಾಟ್ಲೆಂಡಿನ ಲಾಕ್ ಕ್ಯಾಟ್ರಿನ್ ಸರೋವರಕ್ಕೆ ಜನ ಗಾಡಿ ಹೂಡಿಸಿಕೊಂಡು ಹೊರಟರು. ಕಾವ್ಯದ ನಾಯಕಿ ಯಾವ ದಂಡೆಯಿಂದ ದೋಣಿ ಹತ್ತಿದಳು ಎಂದು ಪತ್ತೆ ಹಚ್ಚುವುದು ಆಗಿನ ಪ್ರವಾಸಿಗರ ಹವ್ಯಾಸ. ಮುಂದಿನ ಶತಮಾನದಲ್ಲಿ ಪುಸ್ತಕದ ಜಾಗಕ್ಕೆ ತೆರೆ ಬಂತು, ಹುಡುಕಾಟ ಹಾಗೇ ಉಳಿಯಿತು. ಇದನ್ನೇ ನೆಚ್ಚಿಕೊಂಡು ಬೆಳೆದ ಪ್ರವಾಸ ಬರವಣಿಗೆಯ ಮೊದಲ ಪ್ರಶ್ನೆ ಬಹಳ ಸರಳವಾಗಿತ್ತು: ಈ ದೃಶ್ಯ ತೆಗೆದದ್ದು ಎಲ್ಲಿ? ಆ ಜಾಗದಲ್ಲಿ ಬದುಕುವವರು ಯಾರು, ಕ್ಯಾಮೆರಾ ಹೊರಟುಹೋದ ಮೇಲೆ ಅವರಿಗೇನಾಯಿತು ಎಂದು ಕೇಳುವಷ್ಟರಲ್ಲಿ ಹಲವು ದಶಕಗಳು ಕಳೆದವು.

ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಇದಕ್ಕೆ ಒಳ್ಳೆಯ ನಿದರ್ಶನ. 1965ರ ‘ದಿ ಸೌಂಡ್ ಆಫ್ ಮ್ಯೂಸಿಕ್’ ಜಗತ್ತನ್ನೆಲ್ಲ ಗೆದ್ದರೂ ಸ್ವತಃ ಆಸ್ಟ್ರಿಯಾದಲ್ಲಿ ಓಡಲಿಲ್ಲ. ಬಸ್ಸು ತುಂಬಿ ಬಂದ ಅಮೆರಿಕನ್ನರು ಯಾವ ಮನೆ, ಯಾವ ಮಂಟಪ ಎಂದು ಕೇಳಿದಾಗ ಚಿತ್ರವನ್ನೇ ನೋಡಿರದ ಊರಿನವರು ತಬ್ಬಿಬ್ಬಾಗಬೇಕಾಯಿತು. ಮಾರ್ಗದರ್ಶಿ ಬರಹಗಳು ಹುಟ್ಟಿಕೊಂಡದ್ದು ಈ ಕೊರತೆ ತುಂಬಲು. ತೆರೆಯ ಮೇಲೆ ಒಂದೇ ಆಗಿ ಕಾಣುವ ಮನೆ ವಾಸ್ತವದಲ್ಲಿ ಎರಡು ಬೇರೆ ಬೇರೆ ಅರಮನೆಗಳ ಹಿಂದುಮುಂದು ಎಂಬುದನ್ನು ಓದುಗರಿಗೆ ತಿಳಿಸಿದ್ದು ಅವೇ. ಕೊನೆಯ ದೃಶ್ಯದಲ್ಲಿ ಕುಟುಂಬ ಸ್ವಿಟ್ಜರ್ಲೆಂಡಿನ ಕಡೆಗೆಂದು ಬೆಟ್ಟ ಹತ್ತುತ್ತದಲ್ಲ, ಸಾಲ್ಜ್‌ಬರ್ಗಿನ ಬೆಟ್ಟ ದಾಟಿದರೆ ಸಿಗುವುದು ಜರ್ಮನಿ, ಅದರಲ್ಲೂ ಹಿಟ್ಲರನ ಬೆಟ್ಟದ ಮನೆಯಿದ್ದ ಬೆರ್ಖ್ಟೆಸ್‌ಗಾಡೆನ್ ಸೀಮೆ! ನಿಜವಾದ ಟ್ರಾಪ್ ಕುಟುಂಬ 1938ರಲ್ಲಿ ಸುಮ್ಮನೆ ರೈಲು ಹತ್ತಿ ಇಟಲಿಗೆ ಹೋಗಿತ್ತು. ಇಂಥ ಎಡವಟ್ಟುಗಳನ್ನು ಹೆಕ್ಕಿ ತೋರಿಸುವುದೇ ಈ ಪ್ರಕಾರದ ಮೊದಲ ರುಚಿಯಾಯಿತು.

ತೊಂಬತ್ತರ ದಶಕದಲ್ಲಿ ಹವ್ಯಾಸ ಉದ್ಯಮವಾಯಿತು. ಬ್ರಿಟನ್ನಿನ ಪ್ರವಾಸೋದ್ಯಮ ಸಂಸ್ಥೆ ಸಿನಿಮಾ ನಕ್ಷೆಗಳನ್ನು ಹಂಚತೊಡಗಿತು. 2001ರಲ್ಲಿ ಟೋನಿ ರೀವ್ಸ್ ಜಗತ್ತಿನ ಚಿತ್ರೀಕರಣ ಸ್ಥಳಗಳ ದಪ್ಪ ಕೈಪಿಡಿಯನ್ನು ಹೊರತಂದರು. ಮರುವರ್ಷ ಇಯಾನ್ ಬ್ರೋಡಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗೆಂದೇ ಬರೆದ ಸ್ಥಳದರ್ಶಿನಿ ಬಂತು. ನ್ಯೂಜಿಲೆಂಡ್ ಸರ್ಕಾರವಂತೂ ಈ ಚಿತ್ರಸರಣಿಯ ಲಾಭ ನೋಡಿಕೊಳ್ಳಲು ಒಬ್ಬ ಮಂತ್ರಿಗೇ ಹೊಣೆ ವಹಿಸಿತ್ತು. ಮಟಮಟಾ ಊರಿನ ಬಳಿ ಕುರಿ ಮೇಯುತ್ತಿದ್ದ ಒಂದು ಫಾರ್ಮಿನಲ್ಲಿ ಹಾಬಿಟನ್ ಸೆಟ್ ಎದ್ದಿತು. ಮೊದಲ ಸೆಟ್ ತಾತ್ಕಾಲಿಕ. ‘ದಿ ಹಾಬಿಟ್’ಗಾಗಿ ಮತ್ತೆ ಕಟ್ಟುವಾಗ ಅದು ಉಳಿಯಲೆಂದೇ ಗಟ್ಟಿ ಸಾಮಗ್ರಿ ಬಳಸಿದರು. ಪ್ರವಾಸಿಗಾಗಿ ಕಟ್ಟಿದ ಸುಳ್ಳು ಊರು ನಿಜವಾದ ಊರಿಗಿಂತ ಹೆಚ್ಚು ಕಾಲ ಬಾಳುವಂತಾದದ್ದನ್ನು ಪ್ರವಾಸ ಬರಹಗಾರರು ಅಷ್ಟಾಗಿ ಗಮನಿಸಲಿಲ್ಲ. ದುಂಡು ಬಾಗಿಲಿನ ಫೋಟೊದಲ್ಲೇ ಮೈಮರೆತರು.

ಗಮನಿಸಿದ್ದು ವಿದ್ವಾಂಸರು. 1998ರಲ್ಲಿ ರೈಲಿ, ಬೇಕರ್ ಮತ್ತು ವಾನ್ ಡೋರೆನ್ ಅಮೆರಿಕದ ಚಿತ್ರೀಕರಣ ತಾಣಗಳ ಭೇಟಿಯ ಲೆಕ್ಕ ಹಿಡಿದು, ಬಿಡುಗಡೆಯಾಗಿ ವರ್ಷಗಳು ಕಳೆದರೂ ಜನಪ್ರವಾಹ ಇಳಿಯುವುದಿಲ್ಲ ಎಂದು ತೋರಿಸಿದರು. 2005ರಲ್ಲಿ ಸ್ಯೂ ಬೀಟನ್ ಬರೆದ ಪುಸ್ತಕ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಟಿವಿ ಧಾರಾವಾಹಿಯೊಂದರಿಂದ ಹೆಸರಾದ ಆಸ್ಟ್ರೇಲಿಯಾದ ಬಾರ್ವನ್ ಹೆಡ್ಸ್ ಎಂಬ ಕಡಲೂರಿನಲ್ಲಿ ಅವರು ಮಾತಾಡಿಸಿದ್ದು ಬಂದವರನ್ನು ಮಾತ್ರವಲ್ಲ, ಇದ್ದವರನ್ನೂ.

ಕ್ಯಾಮೆರಾ ಹೋದ ಮೇಲೆ ಜಾಗಕ್ಕೇನಾಗುತ್ತದೆ ಎಂಬ ಪ್ರಶ್ನೆಗೆ ಥಾಯ್ಲೆಂಡಿನ ಮಾಯಾ ಬೇ ಕಟು ಉತ್ತರ ಕೊಟ್ಟಿತು. ಲಿಯೊನಾರ್ಡೊ ಡಿಕಾಪ್ರಿಯೊ ನಟಿಸಿದ ‘ದಿ ಬೀಚ್’ 2000ದಲ್ಲಿ ಬಂದ ಮೇಲೆ ಆ ಪುಟ್ಟ ಕೊಲ್ಲಿಗೆ ದಿನಕ್ಕೆ ಸಾವಿರಗಟ್ಟಲೆ ಜನ ದೋಣಿಯಲ್ಲಿ ಬಂದಿಳಿದರು, ಹವಳದ ದಿಬ್ಬಗಳು ಸತ್ತವು. 2018ರ ಜೂನ್‌ನಲ್ಲಿ ಮುಚ್ಚಿದ ಕಡಲತೀರ ಮತ್ತೆ ತೆರೆದದ್ದು 2022ರ ಜನವರಿಯಲ್ಲಿ, ಅದೂ ದೋಣಿಗಳು ಕೊಲ್ಲಿಯೊಳಗೆ ಬರಕೂಡದೆಂಬ ಕಟ್ಟುಪಾಡಿನೊಂದಿಗೆ. ‘ಯಾರೂ ಕಾಣದ ಸ್ವರ್ಗ’ ಹುಡುಕಿ ಹೋಗಿ ಅದನ್ನು ಕೆಡಿಸುವವರ ಕಥೆಯೇ ಆ ಚಿತ್ರದ ವಸ್ತು ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು. ‘ಗೇಮ್ ಆಫ್ ಥ್ರೋನ್ಸ್’ ನಂತರ ಕ್ರೊಯೇಷಿಯಾದ ಡುಬ್ರೊವ್ನಿಕ್ ನಗರ ಹಡಗುಗಳ ಸಂಖ್ಯೆಗೆ ಮಿತಿ ಹಾಕಬೇಕಾಯಿತು. ಹತ್ತು ವರ್ಷಗಳಿಂದೀಚೆಗೆ ಈ ತಾಣಗಳ ಬಗ್ಗೆ ಬಂದ ಗಟ್ಟಿ ಬರಹಗಳಲ್ಲಿ ಬೆರಗಿನ ಜೊತೆ ಅಳುಕೂ ಸೇರಿಕೊಂಡಿದೆ.

ಭಾರತದ ಕಥೆಯ ಚಹರೆ ಬೇರೆ. ತೊಂಬತ್ತರ ದಶಕದಲ್ಲಿ ಕಾಶ್ಮೀರದ ಗಲಭೆಯಿಂದಾಗಿ ಹಿಂದಿ ಚಿತ್ರಗಳ ಹಾಡುಗಳು ಸ್ವಿಟ್ಜರ್ಲೆಂಡಿಗೆ ಗುಳೆ ಹೋದವು. ಅವುಗಳ ಬೆನ್ನಿಗೇ ಮಧ್ಯಮವರ್ಗದ ಹನಿಮೂನ್ ಹೋಯಿತು. 2016ರಲ್ಲಿ ಇಂಟರ್‌ಲಾಕೆನ್ ಪಟ್ಟಣ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿತು.

ಆದರೆ ಭಾರತೀಯ ಚಿತ್ರರಂಗದ ಅತಿ ಪ್ರಸಿದ್ಧ ಹಳ್ಳಿ ಇರುವುದು ಬೆಂಗಳೂರಿನ ಮಗ್ಗುಲಲ್ಲಿ. ರಮೇಶ್ ಸಿಪ್ಪಿ 1973ರ ಅಕ್ಟೋಬರಿನಲ್ಲಿ ‘ಶೋಲೆ’ ಆರಂಭಿಸಿದಾಗ ರಾಮನಗರದ ರಾಮದೇವರಬೆಟ್ಟದ ಬುಡದಲ್ಲಿ ರಾಮಗಢವೆಂಬ ಇಡೀ ಊರನ್ನು ಕಟ್ಟಿಸಿದರು, ಅಲ್ಲಿಗೊಂದು ರಸ್ತೆಯನ್ನೂ ಮಾಡಿಸಿದರು. ಚಿತ್ರೀಕರಣ ಮುಗಿದ ಮೇಲೆ ಊರನ್ನು ಬಿಚ್ಚಿದರು. ಬಂಡೆಗಳು ಮಾತ್ರ ಅಲ್ಲೇ ಇವೆ. ಅಲ್ಲಿಗೆ ಹೋಗಿ ಬರೆದವರೆಲ್ಲ ಗಬ್ಬರ್ ನಿಂತ ಬಂಡೆ ಯಾವುದೆಂದು ಹುಡುಕಿದ್ದಾರೆ. ಊರಿನ ರೇಷ್ಮೆಗೂಡಿನ ಮಾರುಕಟ್ಟೆಗೆ ಅವರ ಲೇಖನಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಅದೇ ಬೆಟ್ಟಗಳನ್ನು ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಗೆ ಬಳಸಿಕೊಂಡದ್ದು ಅನೇಕರಿಗೆ ಗೊತ್ತೇ ಇಲ್ಲ. 2012ರಲ್ಲಿ ರಾಮದೇವರಬೆಟ್ಟ ರಣಹದ್ದುಗಳ ಧಾಮವೆಂದು ಘೋಷಣೆಯಾಯಿತು. ‘ಶೋಲೆ’ಯ ಹೆಸರಿನಲ್ಲಿ ಅಲ್ಲೊಂದು ಆಕರ್ಷಣೆ ನಿರ್ಮಿಸುವ ಮಾತು ಬಂದಾಗ ಪರಿಸರಪ್ರಿಯರು ಅಡ್ಡನಿಂತದ್ದು ಈ ಹಕ್ಕಿಗಳಿಗಾಗಿ.

ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ದೊಡ್ಡ ಪರಂಪರೆಯೇ ಇದೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯಿಂದ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರರ ‘ಅಮೆರಿಕದಲ್ಲಿ ಗೊರೂರು’ವರೆಗೆ ಅದು ಇತಿಹಾಸ, ನಿಸರ್ಗ, ಪರದೇಶದ ಬದುಕನ್ನು ನೋಡಿತು, ಸಿನಿಮಾದ ಕಡೆ ತಿರುಗಲಿಲ್ಲ. ಆ ಕೆಲಸ ‘ರೂಪತಾರಾ’ದಂಥ ಪತ್ರಿಕೆಗಳ ಹೊರಾಂಗಣ ಚಿತ್ರೀಕರಣದ ವರದಿಗಳ ಪಾಲಾಯಿತು. ನಾಯಕನ ಹುಮ್ಮಸ್ಸು, ಮಳೆಯ ಕಾಟ, ನೂಕುನುಗ್ಗಲು ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಊರಿಗೆ ಮಾತ್ರ ‘ರಮಣೀಯ’ ಎಂಬ ಒಂದೇ ವಿಶೇಷಣ. 1978ರಲ್ಲಿ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ ಕನ್ನಡ ಪ್ರೇಕ್ಷಕರನ್ನು ಕಡಲಾಚೆ ಕರೆದೊಯ್ದಾಗ ಸಿನಿಮಾವೇ ಪ್ರವಾಸಕಥನದ ಪಾತ್ರ ವಹಿಸಿತು. 1997ರ ‘ಅಮೆರಿಕ ಅಮೆರಿಕ’ದ ನಿರ್ದೇಶಕ ನಾಗತಿಹಳ್ಳಿ ಚಂದ್ರಶೇಖರ್ ಸ್ವತಃ ಪ್ರವಾಸಕಥನಕಾರರೂ ಹೌದು.

ನಾಡಿನೊಳಗೆ ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದುರ್ಗದ ಕೋಟೆಯನ್ನು ಎಷ್ಟು ಆವರಿಸಿಕೊಂಡಿತೆಂದರೆ, ಓಬವ್ವನ ಕಿಂಡಿಯ ಮುಂದೆ ನಿಂತವರ ಕಣ್ಣಿಗೆ ಆ ಪಾತ್ರದ ಜಯಂತಿಯೇ ಕಟ್ಟುತ್ತಾರೆ. ಇತಿಹಾಸಕ್ಕೆ ಇದರಿಂದ ನಷ್ಟವೇನೂ ಆದಂತಿಲ್ಲ.

ಆಗುಂಬೆಯದು ಇನ್ನೂ ಸೊಗಸಾದ ಪ್ರಕರಣ. ಆರ್.ಕೆ. ನಾರಾಯಣ್ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಸೃಷ್ಟಿಸಿದ ಮಾಲ್ಗುಡಿ ನಕ್ಷೆಯಲ್ಲೆಲ್ಲೂ ಇರದ ಪಟ್ಟಣ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ದೂರದರ್ಶನಕ್ಕಾಗಿ ಅದನ್ನು ಮಲೆನಾಡಿನ ಹಂಚಿನ ಮನೆಗಳ ನಡುವೆ ಇಳಿಸಿದರು. ಸ್ವಾಮಿಯ ಮನೆಯಾಗಿ ಕಂಡ ‘ದೊಡ್ಡಮನೆ’ ಪ್ರವಾಸಿಗರ ನಿಲ್ದಾಣವಾಯಿತು. ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ರೈಲು ನಿಲ್ದಾಣ ಈಗ ಮಾಲ್ಗುಡಿ ಮ್ಯೂಸಿಯಂ. ಆಗುಂಬೆಯ ಬಗ್ಗೆ ಬಂದ ಬರಹಗಳು ಉಳಿದವಕ್ಕಿಂತ ಆಪ್ತವಾಗಿರುವುದಕ್ಕೆ ಕಾರಣವಿದೆ: ದೊಡ್ಡಮನೆ ಸೆಟ್ ಅಲ್ಲ, ಸಂಸಾರವೊಂದು ಬಾಳಿದ ಮನೆ. ಅಲ್ಲಿ ಉಂಡು, ಮಾತಾಡಿ ಬಂದವನಿಗೆ ಬರೆಯಲು ಮನುಷ್ಯರು ಸಿಗುತ್ತಾರೆ.

ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ (2006) ಜಾಗಗಳಿಗಿಂತ ಮಳೆಯನ್ನೇ ಮಾರಿತು. 2008ರ ‘ಗಾಳಿಪಟ’ದ ಮುಗಿಲುಪೇಟೆ ಕೊಡಗಿನ ಮಾಂದಲ್‌ಪಟ್ಟಿಗೆ ಅಂಟಿಕೊಂಡಿತು, ಇಂದಿಗೂ ಮಡಿಕೇರಿಯ ಜೀಪಿನವರು ಆ ಹೆಸರು ಹೇಳಿಯೇ ಜನ ಹತ್ತಿಸಿಕೊಳ್ಳುತ್ತಾರೆ. ಅಲ್ಲಿಂದ ಯೂಟ್ಯೂಬ್, ಇನ್‌ಸ್ಟಾಗ್ರಾಂಗಳ ಕಾಲ. ಮೊಬೈಲಿನಲ್ಲಿ ಚಿತ್ರದ ಫ್ರೇಮು ಹಿಡಿದು ಹಿಂದಿನ ಬೆಟ್ಟಕ್ಕೆ ಹೊಂದಿಸಿದರೆ ಲೇಖನ ಮುಗಿಯಿತು. ಮಾಂದಲ್‌ಪಟ್ಟಿಗೆ ಸಾಗುವ ದಾರಿಯ ಮಕ್ಕಂದೂರು ಸೀಮೆಯಲ್ಲಿ 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆ, ತೋಟ ಹೋದವು. ಮುಗಿಲು ತೋರಿಸುವ ಹೆಚ್ಚಿನ ವಿಡಿಯೊಗಳಿಗೆ ಇದರ ಗೊಡವೆಯೇ ಇಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್’ ಬಂದಾಗ ಈ ಕುರುಡು ಇನ್ನೂ ಎದ್ದು ಕಂಡಿತು. ಕೋಲಾರದ ಗಣಿಯಲ್ಲಿ ಚಿನ್ನ ತೆಗೆದುಳಿದ ಹುಡಿಯ ರಾಶಿಗಳಾದ ‘ಸಯನೈಡ್ ದಿಬ್ಬ’ಗಳ ಮೇಲೆ ನರಾಚಿಯ ಸೆಟ್ ಎದ್ದಿತ್ತು. ಚಿತ್ರದಲ್ಲಿ ಅದು ಗುಲಾಮರ ಗಣಿ, ಕಥೆ ತಲುಪುವುದು ಎಪ್ಪತ್ತು ಎಂಬತ್ತರ ದಶಕಗಳಿಗೆ. ನಿಜವಾದ ಕೋಲಾರ ಚಿನ್ನದ ಗಣಿ ಆಗ ಸರ್ಕಾರಿ ಸ್ವಾಮ್ಯದ ಭಾರತ್ ಗೋಲ್ಡ್ ಮೈನ್ಸ್. ಕಾರ್ಮಿಕ ಸಂಘಗಳಿದ್ದವು, ಆಸ್ಪತ್ರೆಯಿತ್ತು, ಜೊತೆಗೆ ಮೂರು ಕಿಲೋಮೀಟರಿಗೂ ಆಳದ ಸುರಂಗದ ಬಿಸಿಯೂ ಅಪಾಯವೂ ಇದ್ದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ತಲುಪಿದ ಊರು ಅದು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಈಗ ಅಲ್ಲಿಗೆ ಹೋಗಿ ಬರೆಯುವವರಲ್ಲಿ ಕೆಲವರಾದರೂ ದಿಬ್ಬದ ಫೋಟೊ ತೆಗೆದ ಮೇಲೆ ಕಾರ್ಮಿಕರ ಸಾಲುಮನೆಗಳಿಗೂ ಹೋಗುತ್ತಿದ್ದಾರೆ. ಗಾಳಿ ಬೀಸಿದಾಗ ಅದೇ ದಿಬ್ಬದ ಧೂಳು ಮನೆಯೊಳಗೆ ಬರುವುದನ್ನೂ, ಮಾರಿಕುಪ್ಪಂನಿಂದ ಬೆಳಗಿನ ರೈಲು ತುಂಬಿಕೊಂಡು ಜನ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವುದನ್ನೂ ಬರೆಯುತ್ತಿದ್ದಾರೆ.