ಬರಗಾಲದಲ್ಲಿ ಬೇರಿನ ನೆಂಟರು



ಜತ್ತ ತಾಲೂಕಿನ ಇತಿಹಾಸ ಎಂದರೆ ನಾವು ಡಫಳೆ ಸಂಸ್ಥಾನ, 1948ರ ವಿಲೀನ, ಗಡಿ ಇಷ್ಟನ್ನೇ ಹೇಳುತ್ತೇವೆ. ಬರಗಾಲದ ಇತಿಹಾಸವೂ ಅಷ್ಟೇ ದೊಡ್ಡದು. 1876-78ರ ಮಹಾ ಬರದಲ್ಲಿ ಈ ಸೀಮೆಯ ಜನ ಗುಳೆ ಹೋದರು, ದನಕರು ಸತ್ತವು. 1972ರ ಬರದಲ್ಲಿ ಹಿರಿಯರು ಖಡಿ ಒಡೆದು ಹೊಟ್ಟೆ ಹೊರೆದರು. ನಮ್ಮ ಜಿಲ್ಲೆಯವರೇ ಆದ ವಿ. ಸ. ಪಾಗೆಯವರ ರೋಜಗಾರ ಹಮಿ ಯೋಜನೆ ಆಗ ರಾಜ್ಯಕ್ಕೆಲ್ಲ ಹಬ್ಬಿತು. ಇದೆಲ್ಲ ದಾಖಲಾಗಿದೆ. ಆದರೆ ಹೊಲದ ಮಣ್ಣಿನೊಳಗೆ ಏನಾಯಿತು?

1876ರಲ್ಲಿ ಅದನ್ನು ಕೇಳುವವರೇ ಇರಲಿಲ್ಲ. ಬೇರು ಮತ್ತು ಶಿಲೀಂಧ್ರದ ಕೂಡುಬಾಳಿಗೆ ಜರ್ಮನಿಯ ಫ್ರಾಂಕ್ 'ಮೈಕೊರೈಜಾ' ಎಂದು ಹೆಸರಿಟ್ಟದ್ದು 1885ರಲ್ಲಿ. ದ್ವಿದಳ ಬೆಳೆಗಳ ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಹಾಲೆಂಡಿನ ಬೈಯರಿಂಕ್ ಬೇರ್ಪಡಿಸಿದ್ದು 1888ರಲ್ಲಿ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಅಲ್ಲಿ ಮುಖ್ಯ ಚಿಂತೆ ಒಡ್ಡು ಹಾಕಿ ತೇವ ಉಳಿಸುವುದಾಗಿತ್ತು.

ಉತ್ತರದ ಒಂದು ಭಾಗ ಸಿಕ್ಕಿದ್ದು 2018-19ರಲ್ಲಿ, ಅದೂ ನಮ್ಮ ಜೋಳದಿಂದಲೇ! ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೋಳಕ್ಕೆ ನೀರು ನಿಲ್ಲಿಸಿ ವಿಜ್ಞಾನಿಗಳು ಬೇರು ಪರೀಕ್ಷಿಸಿದರು. ಬೇರಿನ ಸೂಕ್ಷ್ಮಜೀವಿಗಳ ಬೆಳವಣಿಗೆ ತಡವಾಯಿತು. ರಂಜಕ ತಂದುಕೊಡುವ ಶಿಲೀಂಧ್ರ ಬಹಳ ಕಡಿಮೆಯಾಯಿತು. ಆಕ್ಟಿನೋಬ್ಯಾಕ್ಟೀರಿಯಾದಂಥ ದಪ್ಪ ಗೋಡೆಯ ಜೀವಿಗಳು ಹೆಚ್ಚಿದವು. ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದಲ್ಲ, ಆ ವಾಸನೆ ಕೊಡುವುದು ಈ ಬಳಗವೇ. ನೀರು ಬಿಟ್ಟ ಮೇಲೆ ಬೇರಿನ ಬ್ಯಾಕ್ಟೀರಿಯಾಗಳ ಬಳಗ ಬೇಗನೆ ಮೊದಲಿನಂತಾಯಿತು.

ಅಂದರೆ ಒಂದು ಬರಕ್ಕೆ ಮಣ್ಣು ಸಾಯುವುದಿಲ್ಲ. ಆದರೆ ಮೇವಿಲ್ಲದೆ ಕಣಕಿಯ ಜೊತೆ ಕೂಳೆಯನ್ನೂ ಕಿತ್ತು, ಸೆಗಣಿಯನ್ನೆಲ್ಲ ಕುಳ್ಳು ತಟ್ಟಿ ಉರಿಸಿದರೆ ಆ ಜೀವಿಗಳಿಗೆ ಆಹಾರ ಎಲ್ಲಿಂದ ಬರಬೇಕು? ಜೋಳದಲ್ಲಿ ತೊಗರಿಯ ಅಕ್ಕಡಿ ಸಾಲು, ಹೊಲಕ್ಕೆ ತಿಪ್ಪೆಗೊಬ್ಬರ ಎಂಬ ಹಿರಿಯರ ರೂಢಿಗೆ ಇಲ್ಲಿ ಅರ್ಥವಿದೆ.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಹೂ ಬಿಡುವ ಮೊದಲು ಒಂದು ತೊಗರಿ ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಅಗೆಸಿ, ಮಕ್ಕಳಿಂದ ಬೇರಿನ ಗಂಟು ಎಣಿಸಿರಿ. ಗಂಟು ಸೀಳಿದಾಗ ಒಳಗೆ ಕೆಂಪಾಗಿದ್ದರೆ ಅದು ಸಾರಜನಕ ಕೂಡಿಸುತ್ತಿದೆ. ಬೂದು ಬಣ್ಣವಿದ್ದರೆ ಕೆಲಸ ನಿಲ್ಲಿಸಿದೆ. ಮಳೆ ಎಷ್ಟಾಯಿತು, ಗಂಟು ಎಷ್ಟಿದ್ದವು ಎಂದು ಪ್ರತಿ ವರ್ಷ ಶಾಲೆಯ ವಹಿಯಲ್ಲಿ ಬರೆಸಿರಿ. 1972ರಲ್ಲಿ ನಮ್ಮ ಹೊಲಗಳ ಅಂಥ ವಹಿ ಯಾರೂ ಇಡಲಿಲ್ಲ. ಮುಂದಿನ ಬರದ ಇತಿಹಾಸವನ್ನಾದರೂ ನಮ್ಮ ಮಕ್ಕಳು ಬರೆಯಲಿ.