ಮದ್ರಾಸಿನ 97, ಬೆಂಗಳೂರಿನ 96

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಫೋನ್ ಮಾಡಿದಾಗ, ಕಂಪ್ಯೂಟರ್ ಬಗ್ಗೆಯೋ ಕೃತಕ ಬುದ್ಧಿಮತ್ತೆಯ ಬಗ್ಗೆಯೋ ಬರೆದರೆ ಮಕ್ಕಳಿಗೆ ಉಪಯೋಗವಾದೀತು ಎಂದೂ ಸೂಚಿಸಿದ್ದರು. ಬಿ.ಇ. ಮುಗಿಸಿ ಹದಿನಾಲ್ಕು ವರ್ಷದಿಂದ ಅದೇ ಕೆಲಸದಲ್ಲಿರುವವನಿಗೆ ಭಾನುವಾರವೂ ಅದನ್ನೇ ಬರೆಯಲು ಮನಸ್ಸಾಗಲಿಲ್ಲ. ಅದೂ ಅಲ್ಲದೆ, ನಮ್ಮ ಶಾಲೆ ಶುರುವಾದದ್ದು 1974ರ ಜೂನ್ ತಿಂಗಳಲ್ಲಿ. ಆ ಮೊದಲ ವರ್ಷದ ಪಾಠಗಳು ಮುಗಿಯುವ ಮುನ್ನವೇ, 1975ರ ಜನವರಿಯಲ್ಲಿ, ಮದ್ರಾಸಿನ ಚೆಪಾಕ್ ಮೈದಾನದಲ್ಲಿ ಒಬ್ಬರು 97 ರನ್ ಹೊಡೆದರು. ಆ 97ರ ವಿಷಯದಲ್ಲಿ ಈ ಶಾಲೆಯ ಒಬ್ಬ ಮೇಷ್ಟ್ರ ಜೊತೆ ನನ್ನದೊಂದು ವಾದ ಇಪ್ಪತ್ತು ವರ್ಷದಿಂದ ಬಾಕಿ ಉಳಿದಿದೆ. ಅದನ್ನು ಇಲ್ಲಿ ತೀರಿಸೋಣ ಎಂದುಕೊಂಡೆ.

ಆಗ ನಾನು ಹತ್ತನೇ ತರಗತಿ, 2003ನೇ ಇಸವಿ. ಗಣಿತದ ಮೇಷ್ಟ್ರು ರಜೆ ಹಾಕಿದರೆ ಆ ಪೀರಿಯಡ್ಡಿಗೆ ಪೀಟಿ ಮೇಷ್ಟ್ರು ಬರುತ್ತಿದ್ದರು, ಬಂದರೆ ಕ್ರಿಕೆಟ್ ಮಾತೇ. ನಮಗೆ ತೆಂಡೂಲ್ಕರ್, ದ್ರಾವಿಡ್ ಬಿಟ್ಟರೆ ಬೇರೆ ದೇವರಿರಲಿಲ್ಲ. ಅವರಿಗೆ ಗುಂಡಪ್ಪ ವಿಶ್ವನಾಥ್ ಒಬ್ಬರೇ. ವಿಶ್ವನಾಥ್ ಹುಟ್ಟಿದ್ದು 1949ರಲ್ಲಿ ಭದ್ರಾವತಿಯಲ್ಲಿ. ನಮ್ಮೂರಿಂದ ಬಸ್ಸಿನಲ್ಲಿ ಒಂದು ಗಂಟೆ ದಾರಿ. ಊರಿನಲ್ಲಿ ಅವರನ್ನು ಕಣ್ಣಾರೆ ಕಂಡವರು ಹೆಚ್ಚಿಲ್ಲದಿದ್ದರೂ ಎಲ್ಲರಿಗೂ ಅವರು 'ನಮ್ಮ ವಿಶಿ'. ಆ ದಿನ ಮೇಷ್ಟ್ರು ಅವರದೇ ಒಂದು ಕತೆ ಹೇಳಿದರು. ಯಾವ ಕತೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಹೇಳಿ ಮುಗಿಸಿ, "ಗವಾಸ್ಕರ್‌ಗಿಂತ ಇವರೇ ದೊಡ್ಡೋರು ಕಣ್ರೋ" ಎಂದರು.

ನಾನು ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡೆ. ಕ್ವಿಜ್ ಪುಸ್ತಕದಿಂದ ಉರು ಹೊಡೆದಿದ್ದ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದೆ. ಗವಾಸ್ಕರ್ 125 ಟೆಸ್ಟ್, 10122 ರನ್, 34 ಶತಕ, ಸರಾಸರಿ 51.12. ವಿಶ್ವನಾಥ್ 91 ಟೆಸ್ಟ್, 6080 ರನ್, 14 ಶತಕ, ಸರಾಸರಿ 41.93. ಕೆಳಗೆ ಗೆರೆ ಎಳೆದು, ಕಳೆದು, 9.19 ಎಂದೂ ಬರೆದೆ. ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದರು.

"ಮದ್ರಾಸಿನ 97 ಇದರಲ್ಲಿ ಎಲ್ಲಿದೆಯೋ?"

"ಅದು ಸೆಂಚುರಿನೂ ಅಲ್ವಲ್ಲ ಸಾರ್."

ಬೆಲ್ ಹೊಡೆಯಿತು. ಮೇಷ್ಟ್ರು ಡಸ್ಟರ್ ತೆಗೆದುಕೊಂಡು ತಾವೇ ಬೋರ್ಡ್ ಒರೆಸಿ ಹೋದರು.

ಮೊದಲು ಗವಾಸ್ಕರ್ ಅವರ ಪಾಲನ್ನು ಅವರಿಗೆ ಕೊಟ್ಟುಬಿಡಬೇಕು. ನಮ್ಮ ಕಡೆ ಅವರನ್ನು 'ಕುಟುಕುವ ಆಟಗಾರ' ಎಂದು ತಳ್ಳಿಹಾಕುವವರಿದ್ದಾರೆ. 1975ರ ವಿಶ್ವಕಪ್ಪಿನಲ್ಲಿ 60 ಓವರ್ ಪೂರ್ತಿ ನಿಂತು 36 ರನ್ ಮಾಡಿದ್ದನ್ನು ಇವತ್ತಿಗೂ ಎತ್ತಿ ಆಡುತ್ತಾರೆ. ಆದರೆ ಅವರು ಇನಿಂಗ್ಸ್ ಆರಂಭಿಸುವ ಆಟಗಾರ. ಹೊಸ ಚೆಂಡು, ದಣಿಯದ ಬೌಲರ್, ಹಸಿ ಪಿಚ್ಚು, ಎಲ್ಲವೂ ಮೊದಲು ಅವರ ಎದೆಯ ಮೇಲೇ ಬರುತ್ತಿದ್ದವು. ಹೆಲ್ಮೆಟ್ ಹಾಕಿದವರಲ್ಲ, ಕೊನೆಯ ವರ್ಷಗಳಲ್ಲಿ ತಲೆಗೊಂದು ಗಟ್ಟಿ ಟೋಪಿ ಅಷ್ಟೆ. ಆಫ್ ಸ್ಟಂಪಿನ ಆಚೆಯ ಚೆಂಡನ್ನು ಬಿಡುವುದನ್ನೇ ಒಂದು ವಿದ್ಯೆ ಮಾಡಿಕೊಂಡಿದ್ದರು. 1971ರಲ್ಲಿ ವೆಸ್ಟ್ ಇಂಡೀಸಿಗೆ ಹೋಗಿ ತಮ್ಮ ಮೊದಲ ಸರಣಿಯ ನಾಲ್ಕು ಟೆಸ್ಟುಗಳಲ್ಲಿ 774 ರನ್ ಬಾರಿಸಿದರು. ಆಗಿನ್ನೂ ರಾಬರ್ಟ್ಸ್, ಹೋಲ್ಡಿಂಗ್ ಬಂದಿರಲಿಲ್ಲ ಎಂದು ಆಕ್ಷೇಪಿಸಬಹುದು. ಹಾಗಾದರೆ 1983ರ ದೆಹಲಿ ನೋಡಿ. ಮಾರ್ಷಲ್, ಹೋಲ್ಡಿಂಗ್ ಇಬ್ಬರನ್ನೂ ಎದುರಿಸಿ 121 ಹೊಡೆದು ಬ್ರಾಡ್ಮನ್ ಅವರ 29 ಶತಕಗಳನ್ನು ಸರಿಗಟ್ಟಿದರು. 34 ಶತಕಗಳಲ್ಲಿ 18 ಪರದೇಶದಲ್ಲಿ ಬಂದವು. ವಿಶ್ವನಾಥ್ ಅವರ 14ರಲ್ಲಿ ಹೊರಗೆ ಬಂದದ್ದು ನಾಲ್ಕೇ.

ವಿಶ್ವನಾಥ್ ಬೇರೆಯೇ ಜಾತಿಯ ಆಟಗಾರ. ಗಿಡ್ಡ ಆಳು, ಗಟ್ಟಿ ಮುಂಗೈ. ಗವಾಸ್ಕರ್ ಬಿಡುತ್ತಿದ್ದ ಅದೇ ಆಫ್ ಸ್ಟಂಪಿನ ಆಚೆಯ ಚೆಂಡು ಇವರಿಗೆ ಔತಣ. ಬ್ಯಾಟನ್ನು ಕೊನೆಯ ಗಳಿಗೆಯಲ್ಲಿ ಇಳಿಸಿ ಸ್ಕ್ವೇರ್ ಕಟ್ ಮಾಡುತ್ತಿದ್ದರು. ಇನ್ನೂ ತಡಮಾಡಿ ಲೇಟ್ ಕಟ್. ಈ ಹೊಡೆತಗಳಲ್ಲೇ ಔಟಾಗುತ್ತಲೂ ಇದ್ದರು ಎನ್ನುವುದನ್ನು ಅವರ ಅಭಿಮಾನಿಗಳು ಹೇಳುವುದಿಲ್ಲ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್: ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅಲ್ಲಿಯವರೆಗೆ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದ ಭಾರತೀಯರಲ್ಲಿ ಒಬ್ಬರೂ ಮತ್ತೊಂದು ಟೆಸ್ಟ್ ಶತಕ ಹೊಡೆದಿರಲಿಲ್ಲ. ಆ ಸರಪಳಿಯನ್ನು ಕಡಿದವರು ಇವರು.

ಈಗ ನಮ್ಮ ಶಾಲೆ ಹುಟ್ಟಿದ ವರ್ಷಕ್ಕೆ ಬರೋಣ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರಿನಲ್ಲಿ. ಮೈಸೂರು ಹೋಗಿ ಕರ್ನಾಟಕವಾದ ತಂಡ ಆ ಮೊದಲ ಋತುವಿನಲ್ಲೇ, 1974ರ ಮಾರ್ಚಿನಲ್ಲಿ, ಬೆಂಗಳೂರಿನ ಸೆಮಿಫೈನಲಿನಲ್ಲಿ ಬಾಂಬೆಯನ್ನು ಕೆಡವಿತು. ಬಾಂಬೆ ಅದಕ್ಕೆ ಮುಂಚೆ ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿತ್ತು. ಆ ಪಂದ್ಯದಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಎದುರು ತಂಡದಲ್ಲಿ ಗವಾಸ್ಕರ್ ಇದ್ದರು. ಆಮೇಲೆ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ಮೊದಲ ಬಾರಿಗೆ ನಮ್ಮದಾಯಿತು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ವಾದಿಸುವ ಚಟ ನಮ್ಮ ಊರುಗಳಲ್ಲಿ ಶುರುವಾದದ್ದು ಆಗಲೇ ಇರಬೇಕು. (ಅವರಿಬ್ಬರ ನಡುವೆ ಮಾತ್ರ ಇಂಥ ವಾದವಿದ್ದಂತಿಲ್ಲ. ವಿಶ್ವನಾಥ್ ಮದುವೆಯಾದದ್ದು ಗವಾಸ್ಕರ್ ತಂಗಿಯನ್ನು. ಗವಾಸ್ಕರ್ ಮಗನ ಹೆಸರಿನಲ್ಲಿರುವ 'ವಿಶ್ವ' ಈ ವಿಶ್ವನಾಥರದೇ.)

ಅದೇ ವರ್ಷದ ಕೊನೆಗೆ ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ ತಂಡ ಬಂತು. ಬೆಂಗಳೂರು, ದೆಹಲಿ ಎರಡೂ ಕಡೆ ನಾವು ಸೋತೆವು. ಕಲ್ಕತ್ತೆಯಲ್ಲಿ ವಿಶ್ವನಾಥ್ 139 ಹೊಡೆದರು, ಭಾರತ 85 ರನ್ನಿನಿಂದ ಗೆದ್ದಿತು. ನಾಲ್ಕನೆಯದು ಮದ್ರಾಸ್. ಪುಟಿಯುವ ಪಿಚ್ಚು, ಎದುರಿಗೆ ಆಂಡಿ ರಾಬರ್ಟ್ಸ್. ಬೆರಳು ಮುರಿದುಕೊಂಡಿದ್ದ ಗವಾಸ್ಕರ್ ತಂಡದಲ್ಲಿಲ್ಲ. 76 ರನ್ನಿಗೆ ಆರು ವಿಕೆಟ್, 117ಕ್ಕೆ ಎಂಟು. ಅಲ್ಲಿಂದ ಬೇಡಿಯನ್ನು ಜೊತೆಗಿಟ್ಟುಕೊಂಡು ವಿಶ್ವನಾಥ್ 52 ರನ್ ಸೇರಿಸಿದರು. ಕೊನೆಗೆ ಬಂದವರು ಚಂದ್ರಶೇಖರ್. ಟೆಸ್ಟಿನಲ್ಲಿ 242 ವಿಕೆಟ್ ಕಿತ್ತು, ಮಾಡಿದ್ದು ಬರೇ 167 ರನ್ ಎಂಬ ಮಹಾನುಭಾವರು ಅವರು. ಅಂಥವರನ್ನು ಕಟ್ಟಿಕೊಂಡೂ ಇನ್ನೊಂದು 21 ರನ್ ಬಂದವು. ಚಂದ್ರ ಔಟಾದಾಗ ಭಾರತ 190, ವಿಶ್ವನಾಥ್ ಅಜೇಯ 97. ರಾಬರ್ಟ್ಸ್‌ಗೆ 64 ರನ್ನಿಗೆ ಏಳು ವಿಕೆಟ್. ವೆಸ್ಟ್ ಇಂಡೀಸ್ 192ಕ್ಕೆ ಮುಗಿಯಿತು, ಪ್ರಸನ್ನ ಐದು ವಿಕೆಟ್ ಕಿತ್ತರು. ಕೊನೆಗೆ ಭಾರತಕ್ಕೆ 100 ರನ್ ಗೆಲುವು. ಎರಡು ಸೊನ್ನೆಯಿಂದ ಹಿಂದಿದ್ದ ಸರಣಿ ಎರಡು ಎರಡಾಯಿತು.

ನಮ್ಮ ಮೇಷ್ಟ್ರು ಆಗ ಈ ಶಾಲೆಯ ಮೊದಲ ತಂಡದ ಎಂಟನೇ ತರಗತಿ ಹುಡುಗ. ಬಸ್ ಸ್ಟ್ಯಾಂಡಿನ ಹೋಟೆಲಿನ ರೇಡಿಯೋದ ಮುಂದೆ ನಿಂತು ಕೇಳಿದ್ದಂತೆ. ಚಂದ್ರ ಆಡುವ ಒಂದೊಂದು ಚೆಂಡಿಗೂ ಹೋಟೆಲಿನವರು ಕಾಫಿ ಸೋಸುವುದನ್ನು ನಿಲ್ಲಿಸುತ್ತಿದ್ದರು ಎಂದು ಹೇಳುತ್ತಿದ್ದರು.

ಕೆಲಸಕ್ಕೆ ಸೇರಿದ ಮೇಲೆ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಕುಳಿತು, ಇಬ್ಬರ ಎಲ್ಲ ಇನಿಂಗ್ಸ್‌ಗಳನ್ನೂ ಒಂದು ಡೇಟಾಬೇಸಿಗೆ ಹಾಕಿದೆ. ಮೇಷ್ಟ್ರಿಗೆ ಉತ್ತರ ಕೊಡಬೇಕೆಂಬ ಹಟ. ಮೊದಲು ಫಲಿತಾಂಶ ನೋಡಿದೆ. ವಿಶ್ವನಾಥ್ ಶತಕ ಹೊಡೆದ 14 ಟೆಸ್ಟುಗಳಲ್ಲಿ ನಾಲ್ಕು ಗೆಲುವು, ಹತ್ತು ಡ್ರಾ, ಸೋಲು ಒಂದೂ ಇಲ್ಲ. ಗವಾಸ್ಕರ್ ಅವರ 34 ಶತಕಗಳಲ್ಲಿ ಆರು ಗೆದ್ದ ಪಂದ್ಯಗಳಲ್ಲಿ, ಆರು ಸೋತ ಪಂದ್ಯಗಳಲ್ಲಿ. ಇದನ್ನು ನಮ್ಮ ಕಡೆಯವರು ಬ್ರಹ್ಮಾಸ್ತ್ರದಂತೆ ಬಿಡುತ್ತಾರೆ. ಆದರೆ ಆ ಸೋಲುಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಬೇರೆಯೇ ಕಾಣುತ್ತದೆ. 1977ರ ಬ್ರಿಸ್ಬೇನಿನಲ್ಲಿ ಅವರು 113 ಹೊಡೆದರು, ತಂಡ 16 ರನ್ನಿನಿಂದ ಸೋತಿತು. 1978ರ ಕರಾಚಿಯಲ್ಲಿ ಎರಡೂ ಇನಿಂಗ್ಸ್‌ಗಳಲ್ಲಿ ಶತಕ ಹೊಡೆದರು, ಆದರೂ ಸೋಲು. ಒಬ್ಬ ಇನ್ನೇನು ಮಾಡಬೇಕು? ಆಮೇಲೆ ತಂಡದ ಮೊತ್ತದಲ್ಲಿ ಒಬ್ಬರ ಪಾಲೆಷ್ಟು ಎಂದು ಲೆಕ್ಕ ಹಾಕಿದೆ. ಮದ್ರಾಸಿನಲ್ಲಿ ವಿಶ್ವನಾಥರದು ನೂರಕ್ಕೆ 51. 1979ರ ಓವಲಿನಲ್ಲಿ 438 ಬೆನ್ನಟ್ಟಿ 429ರವರೆಗೆ ಹೋದ ಪಂದ್ಯದಲ್ಲಿ ಗವಾಸ್ಕರ್ 221. ಅಲ್ಲೂ ಪಾಲು ನೂರಕ್ಕೆ 51. ಯಾರ ಕಡೆಯೂ ತಕ್ಕಡಿ ವಾಲಲಿಲ್ಲ.

ಕೊನೆಗೆ, ಶತಕಗಳನ್ನು ಮಾತ್ರ ತೋರಿಸು ಎಂದು ಕೇಳಿದಾಗ ಮದ್ರಾಸಿನ ಸಾಲು ಪರದೆಯ ಮೇಲೆ ಬರಲೇ ಇಲ್ಲ. ಬರುವ ಹಾಗೂ ಇರಲಿಲ್ಲ. 97 ನೂರಕ್ಕಿಂತ ಕಡಿಮೆ. ಅದರ ಜೊತೆ ಬರದೇ ಹೋದ ಇನ್ನೊಂದು ಸಾಲೂ ಇತ್ತು: 1987ರ ಮಾರ್ಚ್, ಬೆಂಗಳೂರು, ಗವಾಸ್ಕರ್ 96. ಅವರ ಕೊನೆಯ ಟೆಸ್ಟಿನ ಕೊನೆಯ ಇನಿಂಗ್ಸ್. ಮೊದಲ ದಿನವೇ ಪಾಕಿಸ್ತಾನ 116ಕ್ಕೆ ಉರುಳಿದ್ದ ಪಿಚ್ಚು ಅದು. ಗೆಲ್ಲಲು 221 ಬೇಕಿತ್ತು. ಇಕ್ಬಾಲ್ ಖಾಸಿಂ, ತೌಸೀಫ್ ಅಹ್ಮದ್ ಎಸೆದ ಚೆಂಡು ಬುಗುರಿಯಂತೆ ತಿರುಗುತ್ತಿತ್ತು. ಭಾರತ 204ಕ್ಕೆ ಮುಗಿದು 16 ರನ್ನಿನಿಂದ ಸೋತಿತು. ವೇಗದ ಬೌಲಿಂಗ್ ಎದುರಿಸಿ ಹೆಸರಾದವರು ತಮ್ಮ ಅತ್ಯುತ್ತಮ ಆಟವನ್ನು ಸ್ಪಿನ್ನಿಗೆ ಎದುರಾಗಿ, ಅದೂ ನಮ್ಮ ಬೆಂಗಳೂರಿನಲ್ಲಿ ಆಡಿ ಹೋದರು. ನಾನು ಬೋರ್ಡಿನ ಮೇಲೆ ಬರೆದಿದ್ದ ಪಟ್ಟಿಯಲ್ಲಿ ಇಬ್ಬರ ಅತಿ ದೊಡ್ಡ ಇನಿಂಗ್ಸೂ ಇರಲಿಲ್ಲ. ಗವಾಸ್ಕರ್ ದೊಡ್ಡ ಬ್ಯಾಟ್ಸ್‌ಮನ್ ಎಂದು ಈಗಲೂ ಹೇಳುತ್ತೇನೆ. ಆದರೆ ಅದನ್ನು 9.19 ಎಂಬ ಅಂಕಿಯಿಂದ ಹೇಳಲಾರೆ.

ಈಗ ಮೇಷ್ಟ್ರು ಅವತ್ತು ಹೇಳಿದ ಕತೆ. 1980ರ ಫೆಬ್ರವರಿಯಲ್ಲಿ ಭಾರತದ ಕ್ರಿಕೆಟ್ ಮಂಡಳಿಗೂ ಸುವರ್ಣ ಮಹೋತ್ಸವ. ಬಾಂಬೆಯಲ್ಲಿ ಇಂಗ್ಲೆಂಡ್ ಜೊತೆ ಒಂದೇ ಒಂದು ಟೆಸ್ಟ್, ನಾಯಕ ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ ಐದು. ಆಮೇಲೆ ಬೋಥಮ್ ಮತ್ತು ವಿಕೆಟ್ ಕೀಪರ್ ಬಾಬ್ ಟೇಲರ್ ನಿಂತರು. ಕಪಿಲ್ ಎಸೆದ ಚೆಂಡಿಗೆ ಟೇಲರ್ ಕೀಪರ್ ಕೈಗೆ ಕ್ಯಾಚ್ ಎಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಗೊತ್ತಿತ್ತು. ಅಂಪೈರ್ ಬಳಿ ಹೋಗಿ ಹೇಳಿ, ಟೇಲರನ್ನು ಮತ್ತೆ ಆಡಲು ಕರೆದರು. ಆ ಜೊತೆಯಾಟ 171 ರನ್ನಿಗೆ ಬೆಳೆಯಿತು. ಬೋಥಮ್ 114 ಹೊಡೆದು, 13 ವಿಕೆಟ್ಟನ್ನೂ ಕಿತ್ತರು. ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ವಿಶ್ವನಾಥ್ ನಾಯಕರಾಗಿದ್ದದ್ದು ಎರಡೇ ಟೆಸ್ಟಿಗೆ, ಇದು ಎರಡನೆಯದು.

ಈ ಕತೆ ಅವರು ಹೇಳಿದ್ದು ಒಂದು ಸೋಮವಾರ. ಅದರ ಹಿಂದಿನ ಶನಿವಾರ ಪಕ್ಕದೂರಿನ ಹೈಸ್ಕೂಲಿನ ಜೊತೆ ನಮ್ಮ ಪಂದ್ಯವಿತ್ತು. ನಾನು ಕೀಪರ್, ಮೇಷ್ಟ್ರು ಅಂಪೈರ್. ಕೊನೆಯ ಜೋಡಿ, ಅವರಿಗೆ ಇನ್ನು ನಾಲ್ಕು ರನ್ ಬೇಕು. ಚೆಂಡು ಏನನ್ನೋ ಸವರಿ ನನ್ನ ಕೈಗೆ ಬಂತು, ಕೂಗಿದೆ. ಆ ಹುಡುಗ ಬರಿಗಾಲಲ್ಲಿ ಆಡುತ್ತಿದ್ದ, ಪ್ಯಾಡು ಮಾತ್ರ ನಮ್ಮ ಶಾಲೆಯದು. "ತಾಗಿಲ್ಲ ಸಾರ್" ಎಂದ. ಮೇಷ್ಟ್ರು ನನ್ನ ಕಡೆ ತಿರುಗಿ, "ತಾಗಿತೇನೋ?" ಎಂದು ಕೇಳಿದರು. ನಾನು "ಹೂಂ ಸಾರ್" ಎಂದೆ. ಬೆರಳೆತ್ತಿದರು. ಗೆದ್ದೆವು, ಊರಿನವರು ಮಂಡಕ್ಕಿ ಹಂಚಿದರು. ಸೋಮವಾರ ಟೇಲರ್ ಕತೆ ಹೇಳುವಾಗ ಮೇಷ್ಟ್ರು ಒಮ್ಮೆಯೂ ನನ್ನತ್ತ ನೋಡಲಿಲ್ಲ. ಅದಕ್ಕೇ ನಾನು ಎದ್ದು ಬೋರ್ಡಿಗೆ ಹೋದದ್ದು.

ಮೇಷ್ಟ್ರು ನಿವೃತ್ತರಾಗಿ ಊರಲ್ಲೇ ಇದ್ದಾರೆ. ಈ ಸಂಚಿಕೆ ಅವರ ಕೈಗೂ ಬರುತ್ತದೆ. ಆಟದ ಸಾಮಾನಿನ ಬೀರುವಿನಲ್ಲಿ ಹಳೆಯ ಸ್ಕೋರ್ ಪುಸ್ತಕ ಉಳಿದಿದ್ದರೆ, ಆ ಶನಿವಾರದ ಪುಟದ ಕೊನೆಯ ಸಾಲಿನಲ್ಲಿ ಕ್ಯಾಚ್ ಎಂದು ನನ್ನ ಹೆಸರಿದೆ. ಪ್ಯಾಡಿಗೆ ತಾಗಿದ್ದು ಸಾರ್, ಬ್ಯಾಟಿಗಲ್ಲ.